ಹೆರಿಗೆ ಕೋಣೆಯಲ್ಲಿ ಎಮ್ಮೆ

ಕೊಡಿಗೇಹಳ್ಳಿ, ಬೆಂಗಳೂರು
ಬುಧವಾರ, 12 ನವೆಂಬರ್ 2025

ಪ್ರೀತಿಯ ಶಾಂತಲಾ ಅತ್ತೆ,

ಕೆಮ್ಮು ಕಡಿಮೆಯಾಯಿತೇ? ಟೀವಿಯಲ್ಲಿ ದೆಹಲಿಯ ಹೊಗೆ ಕಂಡಾಗಲೆಲ್ಲ ಅಜ್ಜಿ, "ಇಂಗೆ ಒಗೇಲಿ ಕುಂತ್ಕಂಡು ಅದೇನ್ ಕೆಲ್ಸ ಮಾಡ್ತಾಳೋ ಇವ್ಳು" ಎಂದು ನಮ್ಮನ್ನು ಕೇಳುತ್ತಾಳೆ, ಹೊಗೆ ಬಿಟ್ಟವರು ನಾವೇ ಎಂಬಂತೆ. ಅವಳ ಮಂಡಿನೋವು ಚಳಿಗೆ ಜಾಸ್ತಿಯಾಗಿದೆ, ಬಾಯಿ ಮಾತ್ರ ಸಂಪೂರ್ಣ ಆರೋಗ್ಯವಾಗಿದೆ. ಈ ಕಾಗದವನ್ನು ಅವಳು ಕಳಿಸುತ್ತಿರುವ ಹುಚ್ಚೆಳ್ಳು ಚಟ್ನಿಪುಡಿ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದೇನೆ. ಫೋನ್ ಮಾಡಿದರೆ ನೀವು "ಮೀಟಿಂಗಲ್ಲಿದೀನಿ ಮಹಿ" ಅನ್ನುತ್ತೀರಿ, ಈಮೇಲ್ ಕಳಿಸಿದರೆ ನಿಮ್ಮ ಪಿ.ಎ. ಓದುತ್ತಾರೆ. ಚಟ್ನಿಪುಡಿಯನ್ನಾದರೂ ನೀವು ಬೇರೆಯವರ ಕೈಗೆ ಕೊಡುವುದಿಲ್ಲವೆಂಬುದು ನನ್ನ ನಂಬಿಕೆ.

ಈಗ ಘನತೆವೆತ್ತ ಸಮಿತಿಯ ಸದಸ್ಯರಾದ ತಮ್ಮಲ್ಲಿ ಒಂದು ದೂರು. ದೇಶದ ಎಲ್ಲ ಸರ್ಕಾರಿ ಕಟ್ಟಡಗಳನ್ನೂ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ಪೈಪಿಗೆ ತೊಲೆ ಅಡ್ಡ ಬರುತ್ತದೋ ಬಾಗಿಲಿಗೆ ಕಂಬ ಅಡ್ಡ ಬರುತ್ತದೋ ಅಲ್ಲೇ ನೋಡಿ, ತಿದ್ದಿ, ಆಮೇಲಷ್ಟೇ ನೆಲ ಅಗೆಯಬೇಕೆಂದು ನಿಮ್ಮ ಸಮಿತಿ ಒಂದು ಮಹಾ ಯೋಜನೆ ಬರೆಯುತ್ತಿದೆ. ಕರಡನ್ನು ಪೂರ್ತಿ ಓದಿದೆ ಅತ್ತೆ. ತಮಾಷೆಯಲ್ಲ, ನನಗೆ ಇಷ್ಟವಾಯಿತು. ಚಿಕ್ಕಪ್ಪನ ಕಂಟ್ರಾಕ್ಟ್ ಆಫೀಸಿನಲ್ಲಿ ಅಂಥ ಮಾದರಿಗಳನ್ನು ಮಾಡುವ ಏಕೈಕ ಪ್ರಾಣಿ ನಾನೇ ಆದ್ದರಿಂದ, ಅದು ನನಗಾಗಿಯೇ ಬರೆದದ್ದೆಂದು ಸ್ವಲ್ಪ ಬೀಗಿದೆ ಕೂಡ. ಆದರೆ ನಮ್ಮೂರ ಕಡೆ ಕೆಲಸ ನಡೆಯುವ ಕ್ರಮ ಬೇರೆ. ನಮ್ಮ ಚಿಕ್ಕಪ್ಪ, ಅಂದರೆ ನಿಮ್ಮ ತಮ್ಮ ಅನಂತರಾಜು ಅವರು ಸುಣ್ಣದ ಪುಡಿ ಹಿಡಿದು ನೆಲದ ಮೇಲೆಯೇ ಗೋಡೆ ಎಳೆಯುತ್ತಾರೆ. ಕಟ್ಟಡ ಎದ್ದ ಮೇಲೆ ನನ್ನನ್ನು ಕರೆದು, "ಮಗಾ, ಇದಕ್ಕೊಂದು ಬಿಮ್ ಮಾಡಾಕು" ಅನ್ನುತ್ತಾರೆ; ಕಂಪ್ಯೂಟರ್ ಮಾದರಿಗೆ ಅವರು ಕಲಿತಿರುವ ಹೆಸರು ಅದೊಂದೇ. ಮದುವೆ ಮುಗಿದ ಮೇಲೆ ಫೋಟೊಗ್ರಾಫರನ್ನು ಕರೆದ ಹಾಗೆ.

ಬೇರೆ ಯಾವ ಕಟ್ಟಡವಾಗಿದ್ದರೂ ನಾನು ನಕ್ಕು ಸುಮ್ಮನಿರುತ್ತಿದ್ದೆ. ಇದು ಅಜ್ಜಿ ಜಾಗ ಕೊಟ್ಟ ಹೆರಿಗೆ ಆಸ್ಪತ್ರೆ. ನೀವು ಹುಟ್ಟಿದ್ದು ಹೆಬ್ಬಾಳದ ಆಸ್ಪತ್ರೆ ತಲುಪದ ಎತ್ತಿನಗಾಡಿಯಲ್ಲಿ ಎಂಬ ಕಥೆಯನ್ನು ಅವಳು ಇವತ್ತಿಗೂ ನಗುತ್ತಾ ಶುರುಮಾಡಿ ಅಳುತ್ತಾ ಮುಗಿಸುತ್ತಾಳೆ. ಆ ಗಾಡಿಯ ಋಣಕ್ಕೇ ಅವಳು ರಾಗಿ ಹೊಲದ ಕೊನೇ ತುಂಡನ್ನು ಸರ್ಕಾರಕ್ಕೆ ಬರೆದುಕೊಟ್ಟಳು. ಫಲಕದ ಮೇಲೆ ಲಕ್ಕಮ್ಮ ಎಂದು ಅವಳ ಹೆಸರು ಬರುತ್ತದೆ. ದೇಶಕ್ಕೆ ತೋರಿಸುವ ಉದಾಹರಣೆಯಾಗಿ ಇಲಾಖೆಯವರು ನಮ್ಮ ಆಸ್ಪತ್ರೆಯನ್ನೇ ಆರಿಸಿದ್ದಾರೆಂದು ನೀವು ಹೇಳಿದ ದಿನ ಅವಳು ಮಂಡಿನೋವು ಮರೆತು ಬೀದಿಯ ಕೊನೆಯವರೆಗೂ ಹೋಗಿ ಸುದ್ದಿ ಹಂಚಿ ಬಂದಳು.

ಆಗಿರುವುದು ಇಷ್ಟು. ನಕ್ಷೆಯಲ್ಲಿ ಮೆಟ್ಟಿಲು ಈಶಾನ್ಯದಲ್ಲಿತ್ತು. ಚಿಕ್ಕಪ್ಪ ವಾಸ್ತುವಿನವರನ್ನು ಕರೆಸಿದರು. ಅವರು ಜಾಗದಲ್ಲಿ ಒಂದು ಸುತ್ತು ಹಾಕಿ, ಎಳನೀರು ಕುಡಿದು, ಈಶಾನ್ಯದಲ್ಲಿ ಭಾರ ಸಲ್ಲದು, ಮೆಟ್ಟಿಲು ನೈಋತ್ಯಕ್ಕೆ ಹೋಗಲಿ ಎಂದರು. ಹೋಯಿತು. ಅಲ್ಲಿದ್ದದ್ದು ಹೆರಿಗೆ ಕೋಣೆಗೆ ತಿರುಗುವ ಓಣಿ. ನಾನು ಮಾದರಿಯಲ್ಲಿ ಮೆಟ್ಟಿಲನ್ನು ಅಲ್ಲಿಗೆ ಸರಿಸಿ ನೋಡಿದೆ. ಆ ತಿರುವೆಲ್ಲ ಕೆಂಪಾಯಿತು. ಸ್ಟ್ರೆಚರ್ ಅಲ್ಲಿ ತಿರುಗುವುದಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಆ ಕೆಂಪು ತೆಗ್ದು ಹಸಿರು ಮಾಡು ಮಗಾ, ಸರ್ಕಾರದೋರಿಗೆ ಹಸಿರು ಇಷ್ಟ" ಅಂದರು. ಅಂದರೆ, ನೆಲದ ಮೇಲಿನ ಮೆಟ್ಟಿಲು ನೈಋತ್ಯದಲ್ಲೇ ಇರಲಿ, ಕಂಪ್ಯೂಟರಿನ ಮೆಟ್ಟಿಲು ಈಶಾನ್ಯಕ್ಕೆ ವಾಪಸು ಹೋಗಲಿ. ಗೊಣಗುತ್ತಲೇ ಹಾಗೆ ಮಾಡಿಕೊಟ್ಟೆ. ಹೀಗೆ ಅಜ್ಜಿಯ ಒಂದೇ ಜಾಗದಲ್ಲಿ ಈಗ ಎರಡು ಆಸ್ಪತ್ರೆಗಳಿವೆ. ಒಂದು ಅಧಿಕಾರಿಗಳಿಗೆ, ಇನ್ನೊಂದು ಬಸುರಿಯರಿಗೆ.

ನಾನು ಬಿಡಲಿಲ್ಲ. ಸ್ಟ್ರೆಚರ್ ಅಳತೆಯ ಹಲಗೆಯೊಂದನ್ನು ಹುಡುಕಿ, ಅದರ ಮೇಲೆ ನಾನೇ ಶವಗಾಂಭೀರ್ಯದಿಂದ ಮಲಗಿ, ಸೆಂಟ್ರಿಂಗ್ ಕೆಲಸದವರಿಂದ ಹೊರಿಸಿಕೊಂಡು ಓಣಿಯಲ್ಲಿ ಮೆರವಣಿಗೆ ಹೊರಟೆ. ಈಗಿನ ಬಾಡಿಗೆ ಕಟ್ಟಡದ ಆಸ್ಪತ್ರೆಯಲ್ಲಿರುವ ನರ್ಸ್ ಸಬೀರಾ ಅಕ್ಕ ಸಾಕ್ಷಿಯಾಗಿ ಬಂದಿದ್ದರು. ಮೆಟ್ಟಿಲಿಗೆಂದು ಕಟ್ಟಿದ್ದ ಕಬ್ಬಿಣದ ಕಂಬಿಗೆ ಹಲಗೆ ಸಿಕ್ಕಿಕೊಂಡಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅಲ್ಲೇ ಅಂಗಾತ ಬಿದ್ದು ಮೇಲೆ ನೋಡುತ್ತಿದ್ದಾಗ ನಗು ನಿಂತುಹೋಯಿತು ಅತ್ತೆ. ನನಗೆ ಇಳಿದು ನಡೆದುಬಿಡುವ ಅವಕಾಶವಿತ್ತು.

ಚಿಕ್ಕಪ್ಪ ಮಾತ್ರ, "ಹೆರಿಗೆಗೆ ಬರೋರು ನಡ್ಕೊಂಡೇ ಹೋಗ್ತಾರೆ ಬಿಡೋ" ಅಂದರು. ಸಬೀರಾ ಅಕ್ಕ ತಣ್ಣಗೆ, "ನೀವ್ ಒಂದ್ಸಲ ಹೆತ್ತು ನೋಡಿ ಅಣ್ಣಾ, ಆಮೇಲೆ ನಡೆಯೋರಂತೆ" ಅಂದರು. ಚಿಕ್ಕಪ್ಪನ ಮುಖ ಇಳಿಯಿತು, ಮೆಟ್ಟಿಲು ಜರುಗಲಿಲ್ಲ. ಅವರು ಕೆಟ್ಟವರಲ್ಲ, ನಿಮಗೂ ಗೊತ್ತು. ತಾಯಿಯ ಹೆಸರಿನ ಕಟ್ಟಡಕ್ಕೆ ದೋಷ ತಟ್ಟಬಾರದೆಂದೇ ಅವರ ಹಟ. ಆದರೆ ಆ ಹಟ ತಟ್ಟುವುದು ಯಾರಿಗೆ?

ಮಾದರಿಗೂ ನೆಲಕ್ಕೂ ಇರುವ ವ್ಯತ್ಯಾಸವನ್ನು ಅಧಿಕಾರಿಗಳಾದರೂ ಹಿಡಿಯುತ್ತಾರೆಂದು ಕಾದೆ. ಅವರು ಮಾದರಿಯನ್ನು ತೆರೆಯುತ್ತಾರೋ ಇಲ್ಲವೋ ತಿಳಿಯಲು, ದೇಶಹಿತದ ದೃಷ್ಟಿಯಿಂದ, ಹೆರಿಗೆ ಕೋಣೆಯ ನಡುವೆ ಒಂದು ಎಮ್ಮೆ ನಿಲ್ಲಿಸಿದೆ. ಪೂರ್ಣಗಾತ್ರದ್ದು, ಕೊಂಬು ಸಮೇತ. ಅದಕ್ಕೆ "ವೈದ್ಯಕೀಯ ಉಪಕರಣ, ಕಪ್ಪು" ಎಂದು ಹೆಸರಿಟ್ಟೆ. ಫೈಲು ಮೇಜಿನಿಂದ ಮೇಜಿಗೆ ಹೋಯಿತು. ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ಕಾಗದದ ಮೇಲೆ ಪ್ರಿಂಟ್ ಕೊಡಿ ಎಂದರು. ಇನ್ನೊಬ್ಬರು ನಾಮಫಲಕದ ಅಕ್ಷರ ದಪ್ಪವಾಗಲಿ ಎಂದರು. ಕೊನೆಗೆ "ಕೂಲಂಕಷವಾಗಿ ಪರಿಶೀಲಿಸಲಾಗಿದೆ" ಎಂಬ ಮೊಹರು ಬಿತ್ತು. ಎಮ್ಮೆಗೆ ಸರ್ಕಾರಿ ಅನುಮೋದನೆ ಸಿಕ್ಕಿತು. ಅವತ್ತು ನನಗೆ ನಗು ಬರಬೇಕಿತ್ತು, ಮೈ ಉರಿಯಿತು. ತೆರೆದು ನೋಡದ ಮಾದರಿಗೆ ದೇಶವೆಲ್ಲ ಒಂದು ನೀತಿ ಏಕೆ ಬೇಕು? ಸುಣ್ಣದ ಪುಡಿಯೇ ಮೇಲಲ್ಲವೇ, ಅದಾದರೂ ಇರುವಲ್ಲೇ ಇರುತ್ತದೆ.

ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಫಲಕದ ದಿನಕ್ಕೆ ಉಡಲು ಹಸಿರು ಸೀರೆ ತೆಗೆದಿಟ್ಟಿದ್ದಾಳೆ. ಅಪ್ಪ ಅಮ್ಮ ಕ್ಷೇಮ, ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳಿ, ಬರಿದೇ ತಿಂದು ಇನ್ನಷ್ಟು ಕೆಮ್ಮಬೇಡಿ. ಬೈಯುವುದಿದ್ದರೆ ಊರಿಗೆ ಬಂದು ಎದುರಿಗೇ ಬೈಯಿರಿ, ಕಾಲಿಗೆ ಬೀಳಲು ಸಿದ್ಧನಾಗಿದ್ದೇನೆ.

ನಿಮ್ಮ ವಿಧೇಯ (ಮನೆಯಲ್ಲಿ ಯಾರೂ ಒಪ್ಪುವುದಿಲ್ಲ) ಅಳಿಯ,
ಮಹೇಂದ್ರ

ಮುಖ್ಯವಾದದ್ದೇ ಉಳಿಯಿತು, ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ. ಸೋಮವಾರ ಬೆಳಗ್ಗೆ ಮೆಟ್ಟಿಲಿಗೂ ಛಾವಣಿಗೂ ಕಾಂಕ್ರೀಟ್. ಚಿಕ್ಕಪ್ಪ ಈ ಭೂಮಿಯ ಮೇಲೆ ಹೆದರುವುದು ಅಕ್ಕನಾದ ನಿಮಗೊಬ್ಬರಿಗೇ, ಅಷ್ಟರೊಳಗೆ ಅವರಿಗೆ ಫೋನ್ ಮಾಡಿ. ಮಂಗಳವಾರ ಸಮಿತಿಯ ಮುಂದೆ ದೊಡ್ಡ ಪರದೆಯ ಮೇಲೆ ನೀವು ತೋರಿಸಲಿರುವುದು ಆ ಎಮ್ಮೆ ಇರುವ ಫೈಲನ್ನೇ. ಹೋದ ವಾರ ನಾನು ಕೇಳಿದಾಗ ನೀವು, "ನೋಡ್ದೆ ಕಣೋ, ತುಂಬಾ ಚೆನ್ನಾಗಿದೆ" ಅಂದಿರಿ. ಇವತ್ತು ತೆರೆದು ನೋಡಿ ಅತ್ತೆ. ಅದರಲ್ಲಿ ಓಣಿ ಎಷ್ಟು ಅಗಲವಿದೆಯೆಂದರೆ ಎಮ್ಮೆ ಕೂಡ ಆರಾಮವಾಗಿ ತಿರುಗಿ ಹೊರಗೆ ಬರುತ್ತದೆ. ನಾವು ಇಲ್ಲಿ ಅಜ್ಜಿಯ ಹೆಸರಿನಲ್ಲಿ ಕಟ್ಟುತ್ತಿರುವುದರಲ್ಲಿ, ನೋವು ತಿನ್ನುತ್ತಾ ಮಲಗಿರುವ ಹೆಂಗಸಿಗೆ ಆ ಜಾಗವಿಲ್ಲ.