ಹುಮಾಳ ಅಲುಗಿದ ಚಿತ್ರಗಳು

ರಾಣೆಬೆನ್ನೂರು
12 ಫೆಬ್ರವರಿ 2025

ಪ್ರೀತಿಯ ಮಗಳು ಹುಮಾಗೆ ನಿನ್ನ ಅಬ್ಬಾನ ಸಲಾಮು, ಮನಸ್ಸು ತುಂಬಿದ ದುವಾ.

ನೀನು ಫೋಟೋ ಕಲಿಯಲೆಂದು ಧಾರವಾಡಕ್ಕೆ ಹೋಗಿ ನಲವತ್ತು ದಿನವಾಯಿತು. ನಿನ್ನಿಂದ ಎರಡು ಪತ್ರ ಬಂದರೂ ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ನಿನ್ನ ಮಾತು ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ತಿಳಿದವನಂತೆ ಹೂಂಗುಟ್ಟುತ್ತೇನೆ. "ಊಟ ಆತೇನ ಬೇಟಾ?" ಎಂದು ಕೇಳಿ ಫೋನನ್ನು ನಿನ್ನ ಅಮ್ಮಿಗೆ ಕೊಟ್ಟುಬಿಡುತ್ತೇನೆ. ಕಾಗದದಲ್ಲಿ ಹಾಗಲ್ಲ. ನಿನ್ನ ಅಕ್ಷರ ಎಷ್ಟೇ ಸೊಟ್ಟಗಿರಲಿ, ಒಂದೊಂದೂ ನನಗೆ ಕೇಳಿಸುತ್ತದೆ.

ಅಮ್ಮಿ ಗುತ್ತಲದಲ್ಲಿರುವ ತನ್ನ ತಂಗಿ, ನಿನ್ನ ಖಾಲಾನ ಮನೆಗೆ ಹೋಗಿ ನಿನ್ನೆ ಬಂದಳು. ನಿನಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬಂದಿದ್ದಾಳೆ. ಅವಳ ಮೊಣಕಾಲು ನೋವು ಇದ್ದಂತೆಯೇ ಇದೆ. ಸ್ಟುಡಿಯೋಕ್ಕೆ ಬೆಳಿಗ್ಗೆ ನಾಲ್ಕೈದು ಜನ ಬಂದರೆ ಹೆಚ್ಚು. ಮೊನ್ನೆ ಒಬ್ಬ ಮುದುಕಿಯನ್ನು ಕುರ್ಚಿಯ ಮೇಲೆ ಕೂರಿಸಿ, ಮೂವತ್ತೆರಡು ವರ್ಷದಿಂದ ಹೇಳುತ್ತ ಬಂದ ಮಾತನ್ನೇ ಹೇಳಿದೆ: "ಅಲ್ಲಾಡಬ್ಯಾಡ್ರಿ ಯವ್ವಾ, ಉಸಿರು ಹಿಡೀರಿ." ಆಕೆ ನಕ್ಕು, "ಉಸಿರು ಹಿಡಿಯೂದು ಹೋದಮ್ಯಾಲೆ ಇದ್ದೇ ಐತಲ್ಲೋ ತಮ್ಮಾ, ಈಗ ಯಾಕ?" ಅಂದಳು. ಅಷ್ಟರಲ್ಲಿ ಗುಂಡಿ ಒತ್ತಿಬಿಟ್ಟಿದ್ದೆ. ಚಿತ್ರದಲ್ಲಿ ಆಕೆಯ ನಗು ಗಾಳಿಗೆ ತೂರಿದ ಹಾಗೆ ಹರಡಿತ್ತು. ಮೊದಲಾಗಿದ್ದರೆ ಅಳಿಸುತ್ತಿದ್ದೆ. ಅದನ್ನೂ ಒಂದು ಪ್ರತಿ ತೆಗೆದು ಆಕೆಯ ಕೈಗಿಟ್ಟೆ.

ಎರಡು ವರ್ಷದ ಹಿಂದಿನ ಬ್ಯಾಡಗಿಯ ದಿನದ ಬಗ್ಗೆ ನಿನಗೆ ಪೂರ್ತಿ ಹೇಳಿಲ್ಲ. ದಲಾಲಿ ಅಂಗಡಿಯ ಕೊಟ್ರಪ್ಪನವರು ಕ್ಯಾಲೆಂಡರಿಗಾಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಚಿತ್ರ ಬೇಕು ಎಂದಿದ್ದರು. ಮನೆಯಲ್ಲಿ ಅಮ್ಮಿ ಇರಲಿಲ್ಲ, ನಿನ್ನನ್ನು ಒಬ್ಬಳನ್ನೇ ಬಿಡಲಾರದೆ ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ನಿನ್ನ ಕೈ, ಕುತ್ತಿಗೆ ನಿನ್ನ ಹತೋಟಿಯಲ್ಲಿ ಇಲ್ಲ. ಹತ್ತು ವರ್ಷದಿಂದ ನೀನು ಕ್ಯಾಮೆರಾ ಕೇಳುತ್ತಿದ್ದೆ, "ಬೀಳಿಸ್ತಿ ಬೇಟಾ" ಎಂದು ನಾನು ತಳ್ಳಿಹಾಕುತ್ತಿದ್ದೆ. ಆ ದಿನ ಘಾಟಿಗೆ ಕೆಮ್ಮು ಹತ್ತಿ ನೀರು ಕುಡಿಯಲು ಹೋಗುವಾಗ ಹಳೆಯ ಕ್ಯಾಮೆರಾವನ್ನು ನಿನ್ನ ಕೊರಳಿಗೆ ಹಾಕಿದ್ದು, ಅದು ಕಳುವಾಗಬಾರದು ಎಂಬ ಕಾರಣಕ್ಕೆ ಮಾತ್ರ. ತಿರುಗಿ ಬರುವಷ್ಟರಲ್ಲಿ ನೀನು ಅರವತ್ತು ಚಿತ್ರ ತೆಗೆದಿದ್ದೆ.

ಸಂಜೆ ಅವನ್ನು ಕಂಪ್ಯೂಟರಿನಲ್ಲಿ ನೋಡಿದೆ. ಒಂದರಲ್ಲೂ ಗೆರೆ ನಿಂತಿರಲಿಲ್ಲ. ರಾಶಿಗಳು ಕೆಂಪು ಹೊಗೆಯಾಗಿ ಏಳುತ್ತಿದ್ದವು. ತೊಟ್ಟು ಮುರಿಯಲು ಕೂತ ಹೆಣ್ಣುಮಕ್ಕಳು ಆ ಹೊಗೆಯೊಳಗೆ ತೇಲುತ್ತಿದ್ದರು, ಅವರ ಬಳೆಗಳ ಹಸಿರು ನೀರಿನ ಮೇಲೆ ಬಿದ್ದ ಎಲೆಯಂತೆ ಉದ್ದಕ್ಕೂ ಹರಿದಿತ್ತು. ನಾನು ಮೂವತ್ತು ಚಿತ್ರ ಅಳಿಸಿದೆ, ಹುಮಾ. ಉಳಿದವನ್ನು ಅಳಿಸುವ ಮೊದಲು ಕರೆಂಟು ಹೋಯಿತು. ಇದನ್ನು ನಿನಗೆ ಹೇಳಿರಲಿಲ್ಲ.

ಮರುದಿನ ಕೊಟ್ರಪ್ಪನವರು ಸ್ಟುಡಿಯೋಕ್ಕೆ ಬಂದು ನನ್ನ ಚಿತ್ರಗಳನ್ನು ನೋಡುತ್ತ ನೋಡುತ್ತ ನಿನ್ನವಕ್ಕೆ ಬಂದು ನಿಂತರು. "ಅವು ಕೆಟ್ಟಾವ್ರಿ ಸಾವ್ಕಾರ್ರ, ಹುಡುಗಿ ಕೈ ನಡುಗ್ತೈತಿ" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು ಅಂದರು: "ದಾದಾಪೀರ, ನಲವತ್ತು ವರ್ಷ ಆತು ನಾ ಆ ಮಾರ್ಕೆಟ್ಟಿನ್ಯಾಗ ಅದೇನಿ. ಮಧ್ಯಾಹ್ನದ ಬಿಸಲಾಗ ಘಾಟು ಏರಿ ಕಣ್ಣಾಗ ನೀರು ತುಂಬತಾವ ನೋಡು, ಆವಾಗ ನನಗ ಹಿಂಗ ಕಾಣ್ತೈತಿ. ಖರೇ ಬ್ಯಾಡಗಿ ಇದ. ನೀ ತಗದದ್ದು ಬರೇ ಮೆಣಸಿನಕಾಯಿ."

ಕ್ಯಾಲೆಂಡರಿಗೆ ನಿನ್ನ ಚಿತ್ರ ಹೋಯಿತು. ನಿನಗೆ ಮಾತ್ರ "ಸಾವ್ಕಾರರಿಗೆ ಹಿಡಿಸ್ತು" ಎಂದಷ್ಟೇ ಹೇಳಿದೆ. ಅವರ ಕೊನೆಯ ಮಾತು ನನಗೆ ಚುಚ್ಚಿತ್ತು.

ಆಮೇಲೆ ನೀನು ಹಟ ಹಿಡಿದು ನನ್ನನ್ನು ನಸುಕಿನಲ್ಲಿ ಎಬ್ಬಿಸಿ ಚಿಗರಿ ಜಿಂಕೆ ನೋಡಲು ಹುಲ್ಲುಗಾವಲಿಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಮಂಜಿತ್ತು. ಚಿಗರಿಗಳ ಹಿಂಡು ಸುಮ್ಮನೆ ನಿಂತಿತ್ತು. ನಾನು ನಿನ್ನ ಮೊಣಕೈ ಹಿಡಿಯಲು ಬಂದಾಗ ನೀನು ಒಂದೊಂದೇ ಅಕ್ಷರ ಜಗ್ಗಿ ಜಗ್ಗಿ ಅಂದೆ: "ಬಿಡು ಅಬ್ಬಾ. ಹಿಡೀಬ್ಯಾಡ." ನಾನು ಬಿಟ್ಟೆ. ಕ್ಯಾಮೆರಾ ನಿನ್ನ ಎದೆಯ ಮೇಲೆ ಕುಣಿಯುತ್ತಿತ್ತು. ಹಿಂಡು ಓಡಿತು. ಚಿತ್ರದಲ್ಲಿ ಚಿಗರಿಯೇ ಇರಲಿಲ್ಲ, ಹುಲ್ಲಿನ ಮೇಲೆ ಯಾರೋ ಬೆರಳಾಡಿಸಿದ ಹಾಗೆ ಕಂದು ಬಣ್ಣದ ಎಳೆಗಳಿದ್ದವು. ಸ್ಟುಡಿಯೋದಲ್ಲಿ ಅದನ್ನು ನೋಡುತ್ತ ಅವುಗಳ ಓಟದ ಸಪ್ಪಳ ಮತ್ತೆ ಕೇಳಿದಂತಾಗಿ ನಾನು ಕಿಟಕಿಯ ಕಡೆ ತಿರುಗಿದ್ದೆ.

ಈಗೀಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಸಂಜೆ ದೊಡ್ಡ ಕೆರೆಯ ಏರಿಯ ಮೇಲೆ ಹೋಗಿ ಕನ್ನಡಕ ತೆಗೆದು ಕೂರುತ್ತೇನೆ. ನೀರು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಕೊಕ್ಕರೆಗಳು ಬಿಳಿ ಉಸಿರಿನಂತೆ ಹಾದುಹೋಗುತ್ತವೆ. ಮನೆಗೆ ಹೋಗುವುದೇ ಮರೆತುಹೋಗುತ್ತದೆ. ಆಪರೇಶನ್ ಬೇಗ ಮಾಡಿಸಿ ಎಂದು ಅಮ್ಮಿ ಬೈಯುತ್ತಾಳೆ. ಮಾಡಿಸುತ್ತೇನೆ, ನಿನ್ನ ಪ್ರದರ್ಶನ ಮುಗಿಯಲಿ.

ಹಾವೇರಿಯಲ್ಲಿ ಜೊತೆಗೆ ಕಲಿಯುವ ನಿಮ್ಮೆಲ್ಲರ ಚಿತ್ರ ಗೋಡೆಗೆ ಹಾಕುತ್ತಾರೆಂದು ಬರೆದಿದ್ದೀಯ. ಇಪ್ಪತ್ತಮೂರರ ಭಾನುವಾರ ನಾನು, ಅಮ್ಮಿ ಮೊದಲ ಬಸ್ಸಿಗೇ ಬರುತ್ತೇವೆ. ಕೊಟ್ರಪ್ಪನವರೂ ಬರುತ್ತಾರಂತೆ. ಹೊತ್ತಿಗೆ ಸರಿಯಾಗಿ ಉಣ್ಣು, ಚಳಿಗೆ ಸ್ವೆಟರ್ ಹಾಕಿಕೋ. ಅಲ್ಲಾಹ್ ನಿನ್ನ ಕೈಗಳನ್ನು ಈಗ ಹೇಗಿವೆಯೋ ಹಾಗೆಯೇ ಕಾಯಲಿ.

ನಿನ್ನ ಅಬ್ಬಾ,
ದಾದಾಪೀರ

ತಾ.ಕ.: ಪ್ರದರ್ಶನದಲ್ಲಿ ನಿನ್ನ ಹೆಸರಿನ ಪಕ್ಕ ಹಾಕಲು, ನಿನ್ನ ಅಕ್ಕ ಮುಸರತಳ ಮದುವೆಯಲ್ಲಿ ತೆಗೆದ ಮನೆಮಂದಿಯ ಫೋಟೋ ಕಳಿಸು ಎಂದು ಶುಕ್ರವಾರ ಅಮ್ಮಿಗೆ ಹೇಳಿದೆಯಂತೆ. ಅದನ್ನು ಕಳಿಸಲಾರೆ, ಬೇಟಾ. ಅದರಲ್ಲಿ ನೀನಿಲ್ಲ. ನೀನೂ ಮರೆತಿರಲಾರೆ. ಬೇಕೆಂದೇ ಕೇಳಿದೆಯೋ ಏನೋ. "ಆವತ್ತು ಹುಮಾ ನೀರು ತರಾಕ ಒಳಗ ಹೋಗಿದ್ಲು" ಎಂದು ಒಂಬತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿನ್ನನ್ನು ಒಳಗೆ ಕಳಿಸಿದವನು ನಾನೇ. ನನಗೆ ಬಾಯಾರಿರಲಿಲ್ಲ. ಬೀಗರ ಕಡೆಯ ಹಿರಿಯರು ಸಾಲಾಗಿ ನಿಂತಿದ್ದರು, ನಿನ್ನ ಕುತ್ತಿಗೆ ಅಲುಗುತ್ತಿತ್ತು, ಚಿತ್ರ ಕೆಡುತ್ತದೆ ಅಂದುಕೊಂಡೆ. ನೀನು ಲೋಟ ಹಿಡಿದು ಬರುವಷ್ಟರಲ್ಲಿ ನಾನು ಕ್ಯಾಮೆರಾದ ಸ್ಟ್ಯಾಂಡ್ ಮಡಚಿದ್ದೆ. ನಿನ್ನ ಹೊಸ ಜಂಪರಿನ ಮೇಲೆಲ್ಲ ನೀರು ಚೆಲ್ಲಿಕೊಂಡಿದ್ದೆ, ಹದಿನೈದು ವರ್ಷದ ಹುಡುಗಿ. ನೀನು ಉಳಿದ ನೀರನ್ನು ನನ್ನ ಮುಂದೆ ಹಿಡಿದೆ. ನಾನು ಅದನ್ನು ಕುಡಿದೆ.