ಆಲಿವ್ ಎಲೆಯ ತೂತು

ಅಕ್ಟೋಬರ್ 14, ಗುರುವಾರ. ಹಾಲ್ಕಿಡಾ.

ಆ ತೂತು ಇನ್ನೂ ತಲೆ ಕೊರೆಯುತ್ತಿದೆ.

ಎವಾಂಥಿಯಾ ಅಜ್ಜಿಯ ಆಲಿವ್ ಮರ ಆಗಸ್ಟಿನ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಗಿತ್ತು. ಉಳಿದಿದ್ದ ಒಂದೇ ಒಂದು ಕುಡಿಯನ್ನು ಬೆಳ್ಳಿಯಲ್ಲಿ ಎರಕ ಹೊಯ್ದುಕೊಡು ಎಂದು ನನ್ನ ಬೆಳ್ಳಿ ಕೆಲಸದ ಅಂಗಡಿಗೆ ತಂದಿದ್ದಳು. ಅಚ್ಚಿನೊಳಗೆ ಕುಡಿ ಸುಟ್ಟು ಬೂದಿಯಾದರೇನೇ ಬೆಳ್ಳಿಗೆ ಜಾಗ ಎಂದೆ.

"ಬೆಂಕಿ ಬಿಟ್ಟಿದ್ದನ್ನ ನೀನು ಸುಡ್ತೀಯೇನೋ?" ಎಂದು ಬೈಯುತ್ತಲೇ ಕೊಟ್ಟುಹೋಗಿದ್ದಳು.

ಇವತ್ತು ಎರಕದ ಯಂತ್ರದ ತೋಳು ಗಿರ್ರನೆ ತಿರುಗಿ, ಕರಗಿದ ಬೆಳ್ಳಿಯನ್ನು ಅಚ್ಚಿನ ಮೂಲೆಮೂಲೆಗೂ ನುಗ್ಗಿಸಿತು. ಅಚ್ಚು ಒಡೆದು ನೋಡಿದರೆ ಎಲೆಯ ನರಗಳೂ ಮೂಡಿದ್ದವು. ಆದರೆ ಒಂದು ಎಲೆಯಲ್ಲಿ ತೂತು. ಚೂರು ಬೂದಿ ಅಲ್ಲೇ ಕೂತು ಬೆಳ್ಳಿಯನ್ನು ತಡೆದಿತ್ತು.

"ಮುಚ್ಚಿಕೊಡ್ತೀನಜ್ಜಿ," ಎಂದೆ, ಸಂಜೆ ಬಂದವಳಿಗೆ ತೋರಿಸಿ.

ಅವಳು ತೂತನ್ನು ಬೆರಳಿನಿಂದ ಸವರಿದಳು. "ಮುಟ್ಟಬೇಡ. ಮಿಕ್ಕಿದ್ದೆಲ್ಲ ನಿನ್ನ ಬೆಳ್ಳಿ ಕಣೋ. ನನ್ನ ಮರ ಇಲ್ಲಿ ಮಾತ್ರ ಜಾಗ ಬಿಟ್ಟುಕೊಟ್ಟಿಲ್ಲ."

ಕುಡಿಯ ಬೂದಿ ಬೆರೆತ, ಒಡೆದ ಅಚ್ಚಿನ ಪುಡಿಯನ್ನು ಇನ್ನೂ ಗುಡಿಸಿಲ್ಲ.