ತೊಳೆದಿಟ್ಟ ಸೀಸೆ

ಅಡುಗೆಮನೆಯ ಕಿಟಕಿ ಪಕ್ಕದಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳಿಗೆ,

ಸೊಸೆ ಎಂದು ಬರೆಯಲು ಕೈ ಬರಲಿಲ್ಲ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಕೆಲಸವೆಂದು ನಿನ್ನ ಅಣ್ಣ ಹೇಳಿದರು. ಕೂರಲು ಒಂದು ಸ್ಟೂಲು ಕೇಳು, ಸಂಕೋಚಪಡಬೇಡ. ನಾವಿಬ್ಬರೂ ಇದ್ದೇವೆ. ನಿನ್ನ ಮಾವನ ಕಿವಿ ಇನ್ನಷ್ಟು ಮಂದವಾಗಿದೆ, ಅದೂ ನಾನು ಮಾತಾಡುವಾಗ ಮಾತ್ರ. ಕೆಳಗೆ ನನ್ನ ಮಗನ ಬೇಕರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಒಲೆಯ ಮಸಿ ಹಿಡಿದಿದ್ದ ಗೋಡೆಗೆ ಬಿಳಿ ಬಣ್ಣ ಬಳಿದಿದ್ದಾರೆ. ಆ ಕಡೆ ನೋಡದೆ ಮೆಟ್ಟಿಲಿಳಿಯುವುದನ್ನು ಕಲಿತಿದ್ದೇನೆ.

ಅವನು ತೀರಿಕೊಂಡು, ನೀನೂ ಅಣ್ಣನ ಮನೆಗೆ ಹೋದ ಮೇಲೆ ಹೊಟ್ಟೆಬಾಕನ ಊಟ ನನ್ನ ಪಾಲಿಗೆ ಬಂತಲ್ಲ. ನಿಮ್ಮ ಮದುವೆಯ ಹೊಸದರಲ್ಲಿ ಅವನು ಬ್ರೆಡ್ ಉಬ್ಬಿಸಲೆಂದು ಬರೀ ಹಿಟ್ಟು ನೀರು ಕಲಸಿಟ್ಟು ಹುಳಿ ಬರಿಸಿದ್ದು, ಅದು ಸೀಸೆಯ ತುಂಬ ಉಕ್ಕಿ ಬಂದಾಗ ಆ ಹೆಸರಿಟ್ಟಿದ್ದು, ನಿನಗೇ ಗೊತ್ತು. ಆಮೇಲೆ ದಿನಾ ಬೆಳಿಗ್ಗೆ, "ಅಮ್ಮಾ, ಇವನಿಗೆ ಊಟ ಹಾಕಿದ್ಯಾ?" ನನಗೆ ಊಟವಾಯಿತೇ ಎಂದು ಕೇಳಿದ್ದು ಕಡಿಮೆ. ಅವನಿಲ್ಲದ ಮೇಲೂ ಅರ್ಧ ತೆಗೆದು, ಹೊಸ ಹಿಟ್ಟು ನೀರು ಹಾಕಿ, ಬಟ್ಟೆ ಮುಚ್ಚಿಡುತ್ತಿದ್ದೆ. ಬ್ರೆಡ್ ಸುಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಕಳೆದ ತಿಂಗಳು ಮನಸ್ಸು ಗಟ್ಟಿ ಮಾಡಿಕೊಂಡೆ. ಮೊದಲ ಸಲ, ದಿನಾ ತೆಗೆಯುವ ಅರ್ಧದಿಂದಲೇ ಕಲಸಿ, ಆತುರ ಮಾಡಿ, ಹಿಟ್ಟು ಉಬ್ಬುವ ಮುಂಚೆಯೇ ಒಲೆಗಿಟ್ಟೆ. ನಿನ್ನ ಮಾವ ಅದನ್ನು ಕೈಯಲ್ಲಿ ತೂಗಿ ನೋಡಿ, "ಗಾಳಿಗೆ ಬಾಗಿಲು ಬಡ್ಕೊಳ್ಳುತ್ತಲ್ಲ, ಅಡ್ಡ ಇಡೋಣ" ಎಂದರು. ಆಮೇಲೆ ಅವನ ಮಾತು ನೆನಪಾಯಿತು: "ಕಾಯೋದೇ ಕೆಲಸ ಅಮ್ಮಾ, ಉಳಿದದ್ದು ಅದೇ ಮಾಡ್ಕೊಳ್ಳುತ್ತೆ." ಈ ಗುರುವಾರ ಕಾದೆ. ಹುಳಿಹಿಟ್ಟಿನ ಒಂದು ಚೂರು ನೀರಿಗೆ ಹಾಕಿದರೆ ತೇಲಿತು, ಹದ ಬಂದಿತ್ತು. ಉಪ್ಪು ಬೆರೆಸಿ ಕಲಸಿದ ಹಿಟ್ಟನ್ನು ನಾದದೆ, ಹೊಲಿದ ಬಟ್ಟೆ ಮಡಿಸುವ ಹಾಗೆ ಅಂಚು ಎಳೆದು ಎಳೆದು ನಡುವಿಗೆ ಮಡಿಸಿದೆ. ನನ್ನ ಟೈಲರ್ ಕೆಲಸ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಮುಚ್ಚಳದ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮೇಲೆ ಬ್ಲೇಡಿನಿಂದ ಗೀರಿ ಸುಟ್ಟೆ. ತಳ ತಟ್ಟಿದರೆ ಟೊಳ್ಳು ಸದ್ದು ಬಂತು. ಅವನದ್ದೇ ಬ್ರೆಡ್, ಅದೇ ವಾಸನೆ. ತುದಿಯ ತುಂಡನ್ನು ಅಭ್ಯಾಸಬಲದಿಂದ ನಿನಗೆಂದು ಪಕ್ಕಕ್ಕಿಟ್ಟೆ. ಅವನಿಗೂ ಅದೇ ಪ್ರಾಣ, ಆದರೆ ಒಂದು ದಿನವೂ ತಾನು ತಿನ್ನದೆ ನಿನ್ನ ತಟ್ಟೆಗೆ ಹಾಕುತ್ತಿದ್ದ. ನಿನ್ನ ಮಾವ ಊಟದ ಮಧ್ಯೆ ಎದ್ದು ಮುಖ ತೊಳೆಯಲು ಹೋದರು.

ಮರುದಿನ ಹೊಟ್ಟೆಬಾಕನಿಗೆ ಊಟ ಹಾಕಲು ಹೋದರೆ ಸೀಸೆ ಪಾತ್ರೆ ಸ್ಟ್ಯಾಂಡಿನಲ್ಲಿ ಬೋರಲು ಬಿದ್ದಿತ್ತು, ಫಳಫಳ ಹೊಳೆಯುತ್ತ. ಒಂದು ಚೂರು ಬಟ್ಟೆ ಬಿಸಾಡದವಳು ನಾನು. ಬ್ರೆಡ್ಡಿಗೆ ಸೀಸೆಯ ತಳದವರೆಗೂ ಕೆರೆದು ಹಾಕಿ, ಮೇಲೆ ಬಿಸಿನೀರು ಸೋಪು ಹಾಕಿ ತಿಕ್ಕಿದ್ದೆ. ಮುಂದಿನ ಸಲಕ್ಕೆ ಒಂದಿಷ್ಟು ಉಳಿಸಬೇಕೆನ್ನುವುದು ತಲೆಗೆ ಬರಲೇ ಇಲ್ಲ. "ಹಿಟ್ಟು ನೀರು ತಾನೇ, ಮತ್ತೆ ಕಲಸು" ಎಂದರು ನಿನ್ನ ಮಾವ. ಕಲಸಬಹುದು. ಅದು ನಾನು ಕಲಸಿದ್ದಾಗುತ್ತದೆ, ಅವನು ಕಲಸಿದ್ದಲ್ಲ. ಅವನು ಹೋದ ದಿನ ಎಲ್ಲರನ್ನೂ ಸಮಾಧಾನ ಮಾಡುವುದರಲ್ಲೇ ಇದ್ದೆ. ಮೊನ್ನೆ ಆ ಖಾಲಿ ಸೀಸೆ ಹಿಡಿದುಕೊಂಡು ಮನಸಾರೆ ಅತ್ತೆ.

ನೀನು ಹೊರಡುವಾಗ ಬೇರೊಂದು ಪುಟ್ಟ ಸೀಸೆಯಲ್ಲಿ ಅದನ್ನೇ ಸ್ವಲ್ಪ ತುಂಬಿಸಿಕೊಂಡು, ಸ್ವೆಟರ್ ಸುತ್ತಿ ಚೀಲದಲ್ಲಿಟ್ಟಿದ್ದನ್ನು ನೋಡಿದ್ದೆ. ಅದು ಇನ್ನೂ ಬದುಕಿದೆಯೆ? ಇದ್ದರೆ ಒಂದೇ ಒಂದು ಚಮಚ ನನಗೆ ಬೇಕು. ಅಂಚೆಯಲ್ಲಿ ಬೇಡ, ದಾರಿಯಲ್ಲಿ ಉಕ್ಕೀತು. ನೀನೇ ತಂದುಕೊಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾವ ನಿನ್ನನ್ನು ನೆನೆಯದ ದಿನವಿಲ್ಲ. ಇಬ್ಬರ ಆಶೀರ್ವಾದವೂ ನಿನ್ನ ಮೇಲಿದೆ.

ನಿನ್ನ ಅತ್ತೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ನಿನಗೊಂದು ಸಂಬಂಧ ಬಂದಿದೆ, ಒಳ್ಳೆಯವರು, ಆದರೆ ನೀನು "ಅತ್ತೆಗೆ ಹೇಗೆ ಮುಖ ತೋರಿಸ್ಲಿ" ಎಂದು ಬೇಡವೆಂದೆಯಂತೆ. ನಿನ್ನ ಅಣ್ಣ ಫೋನಿನಲ್ಲಿ ಹೇಳಿದರು. ನನ್ನ ನೆಪ ಹೇಳಬೇಡ. ಮನಸ್ಸಿಗೆ ಬಂದರೆ ಒಪ್ಪಿಕೋ, ಆ ಮನೆಗೂ ಸೀಸೆ ತೆಗೆದುಕೊಂಡು ಹೋಗು. ಇಲ್ಲಿಗೆ ಬರುವಾಗ ಅವರನ್ನೂ ಕರೆದುಕೊಂಡು ಬಾ. ಬ್ರೆಡ್ ಸುಡುತ್ತೇನೆ. ತುದಿಯ ತುಂಡು ಯಾರ ತಟ್ಟೆಗೆ ಹಾಕುತ್ತಾರೋ ನೋಡಬೇಕು.